ಮಾಲೇಕಲ್ಲಿನ ಮೆಟ್ಟಿಲು

ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಇಸಿಜಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತೊಂಬತ್ತು ದಾಟಿದ ಅಜ್ಜಿ, ಜೊತೆಗೆ ಮೊಮ್ಮಗಳು.

"ಬರೀ ಗ್ಯಾಸು ಕಣಜ್ಜಿ, ಮನೆಗೆ ಹೋಗಾಣ."

"ನಿಮ್ಮಪ್ಪನೂ ಮಾಲೇಕಲ್ಲು ಬೆಟ್ಟ ಹತ್ತುವಾಗ ಎದೆ ಹಿಡೀತೈತೆ ಅಂದ. ಗ್ಯಾಸು ಕಣ್ಲಾ, ಹತ್ತು ಅಂದೆ."

"ನಿಂಗೇನು ಗೊತ್ತಿತ್ತು, ಬಿಡಜ್ಜಿ."

"ಆಗ್ಲೇ ಎಂಬತ್ತೈದಾಗಿದ್ರೂ ನಂಗೆ ಏದುಸಿರು ಬರ್ಲಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದೋನಿಗೆ ಏನಾದಾತು ಅಂದ್ಕಂಡು ಮುಂದ್ಮುಂದೆ ಹತ್ಬಿಟ್ಟೆ. ತಿರುಗಿ ನೋಡೋ ಹೊತ್ಗೆ ಮೆಟ್ಲ ಮೇಲೆ ಬಿದ್ದಿದ್ದ. ಉಸಿರು ನಿಂತೋಗಿತ್ತು."



ನರ್ಸ್ ಬಾಗಿಲಿಗೆ ಬಂದರು. "ಅಜ್ಜಿ, ಒಳಗೆ ಬನ್ನಿ."

"ನಂಗಲ್ಲ ಕಣವ್ವ, ಇವಳಿಗೆ. ನಂದು ಇನ್ನೂ ಗಟ್ಟಿಯಾಗೇ ಐತೆ."

ಮೊಮ್ಮಗಳು ಎದ್ದಳು. ಅಜ್ಜಿ ಅವಳಿಗಿಂತ ಮೊದಲೇ ಎರಡು ಹೆಜ್ಜೆ ಇಟ್ಟಿದ್ದರು. ತಟ್ಟನೆ ನಿಂತರು.

"ನೀನು ಮುಂದೆ ನಡಿ ಮಗಾ. ನಾನು ಹಿಂದೆ ಬತ್ತೀನಿ."