ಯರ್ರಿಸ್ವಾಮಿ ಮೇಷ್ಟ್ರ ಸಿಪಿಯು ಪಾಠ

ಸಭೆಗೆ ಬಂದ ಹಿರಿಯರಿಗೆ, ಕುರುಗೋಡಿನಿಂದ ಬಂದ ಯರ್ರಿಸ್ವಾಮಿ ಮೇಷ್ಟ್ರ ಬಂಧುಬಳಗಕ್ಕೆ, ಮುಂದೆ ಕುಂತಿರೋ ಅವರ ಮನಿಯವರು ನೀಲಾವತಿ ಅಮ್ಮಾರಿಗೆ, ನಮ್ಮ ಕಾಲೇಜಿನ ಮಕ್ಕಳಿಗೆ — ನಮಸ್ಕಾರ. ದಿವಂಗತ — ನೋಡ್ರಿ, ಈ ಶಬ್ದ ಬಾಯಾಗ ಬರಾಕ ಒಲ್ಲದು. ಮಂಗಳವಾರ ಇದೇ ಸಿರುಗುಪ್ಪ ಬಸ್‌ಸ್ಟ್ಯಾಂಡಿನಾಗ ಇಳಿದು, "ಜಡೆಪ್ಪಾ, ಚಾ ಆತೇನೋ?" ಅಂತ ನನ್ನ ಕೇಳಿದ ಮನುಷ್ಯ. ಇವತ್ತು ಹಾರ ಹಾಕಿದ ಫೋಟೋ! ನನಗ ಇನ್ನೂ ನಂಬಿಕಿ ಬರವಲ್ದು.

ನಾನು ಕನ್ನಡ, ಅವರು ಕಂಪ್ಯೂಟರ್. ಹನ್ನೆರಡು ವರ್ಷ ನಮ್ಮ ಕ್ಲಾಸುಗಳ ನಡುವೆ ಒಂದೇ ಗ್ವಾಡಿ. ಕಂಪ್ಯೂಟರ್ ಒಳಗ ಲೆಕ್ಕ ಮಾಡೋ ಸಿಪಿಯು ಹೆಂಗ ಕೆಲಸ ಮಾಡತೈತಿ ಅಂತ ಅವರು ಆಟ ಆಡಿಸಿ ಕಲಿಸೋರು. ಗ್ವಾಡಿಗೆ ನಂಬರ್ ಬರೆದು ಅಂಟಿಸಿದ ಲಕೋಟಿ — ಅದು ಮೆಮೊರಿ. ಒಳಗ ಒಂದೊಂದು ಚೀಟಿ. ಒಬ್ಬ ಚೀಟಿ ತರಬೇಕು, ಒಬ್ಬಾಕಿ ಓದಿ ತಿಳಿಸಬೇಕು, ಮೇಷ್ಟ್ರು ಅದರಂಗ ಲೆಕ್ಕ ಮಾಡಿ ಪಾಟಿ ಮ್ಯಾಲೆ ಬರಿಬೇಕು. ಮತ್ತ ಮುಂದಿನ ಲಕೋಟಿ. ಇನ್ನೊಬ್ಬರು ಹೆಜ್ಜಿಗೊಂದು ಚಪ್ಪಾಳಿ ಹೊಡಿಬೇಕು — ಹಿಂಗ! — ಅದು ಸಿಪಿಯು ಗಡಿಯಾರ. "ಅದಕ್ಕ ಸ್ವಂತ ಬುದ್ಧಿ ಇಲ್ಲಲೇ" ಅನ್ನೋರು, "ಕೂಡಿಸತೈತಿ, ಕಳಿತೈತಿ, ಯಾವುದು ದೊಡ್ಡದು ನೋಡತೈತಿ. ಆದ್ರ ಸೆಕೆಂಡಿಗೆ ಮುನ್ನೂರು ಕೋಟಿ ಚಪ್ಪಾಳಿ!"

ಕಡಿಗೆ, ಏಳನೇ ಲಕೋಟ್ಯಾಗ, ಒಂದು ತುಂಟ ಚೀಟಿ ಇಡೋರು: ಮೂರನೇ ಲಕೋಟಿಗೆ ವಾಪಸ್ ಹೋಗು. ಮೂರರಿಂದ ಏಳು, ಏಳರಿಂದ ಮತ್ತ ಮೂರು — ಮುಗಿಯೋದೇ ಇಲ್ಲ. ಆಗ ಮೇಷ್ಟ್ರು ಗ್ವಾಡಿಗೆ ಒರಗಿ ಕುಂತು ಕಣ್ಣು ಮುಚ್ಚೋರು. "ಹ್ಯಾಂಗ್ ಆತಲೇ!" ಅನ್ನೋರು. ಮಕ್ಕಳು ಬಿದ್ದು ಬಿದ್ದು ನಗೋವು. ಕಂಪ್ಯೂಟರ್ ಹ್ಯಾಂಗ್ ಆದ್ರೂ ಗಡಿಯಾರ ನಿಲ್ಲಂಗಿಲ್ಲ, ಹೊಡಿತಾ ಇರಬೇಕು — ಅವರ ಪಾಠ ಅದು.

ಮಂಗಳವಾರ ಗಡಿಯಾರ ಆಗಿದ್ದಾಕಿ ಸಿರಿಗೇರಿ ಭಾಗ್ಯ. ಮೇಷ್ಟ್ರು ಒರಗಿದ್ರು. ಕಣ್ಣು ಮುಚ್ಚಿದ್ರು. ಮಕ್ಕಳು ನಕ್ಕವು. ಆಕಿ ಹೊಡಿತಾನೇ ಇದ್ಲು... ತೊಡಿ ಮ್ಯಾಲಿನ ಪಾಟಿ ಜಾರಿ ಒಡೀತು, ಅವರು ಕಣ್ಣು ತೆರಿಲಿಲ್ಲ. ಆಗ ಗೊತ್ತಾತು.

ನಾಲ್ಕು ದಿನದಿಂದ ಊರಾಗ ಒಂದೇ ಮಾತು: "ಮೇಷ್ಟ್ರು ಸಾಯಾಕತ್ತಿದ್ರ ಆ ಹುಡುಗಿ ಚಪ್ಪಾಳಿ ಹೊಡದಳಂತ!" ಎಲುಬಿಲ್ಲದ ನಾಲಿಗಿ, ಹೆಂಗ ಬೇಕಾದ್ರೂ ಹೊಳ್ಳತೈತಿ. ಭಾಗ್ಯ ಊಟ ಬಿಟ್ಟಾಳ, ಕಾಲೇಜು ಬಿಟ್ಟಾಳ. ಇವತ್ತು ಅವರವ್ವ ಚನ್ನವೀರಮ್ಮ ಕೈ ಹಿಡದು ಕರ್ಕೊಂಡು ಬಂದಾರ. ಅಗೋ, ಹಿಂದಿನ ಸಾಲಿನಾಗ ತಲಿ ತಗ್ಗಿಸಿ ಕುಂತಾಳ.

ಸ್ವಾಮಿ, ಕೇಳ್ರಿ. ಆ ಚಪ್ಪಾಳಿ ನನಗೂ ಕೇಳಿತ್ತು. ದಿನಕ್ಕಿಂತ ಭಾಳ ಹೊತ್ತು ಕೇಳಿತ್ತು. ಐವತ್ತು ದಾಟಿದಾವ ನಾನು — ಏನ್ ಮಾಡಿದೆ? "ಮುಗಿಯಂಗಿಲ್ಲಪ್ಪ ಇವರ ಆಟ" ಅಂತ ಬೈದು, ಎದ್ದು ಬಾಗಿಲು ಹಾಕ್ಕೊಂಡೆ. ಬಾಗಿಲು ಹಾಕ್ಕೊಂಡೆ ನಾನು! ಇದನ್ನ ನನ್ನ ಹೆಂಡ್ತಿಗೂ ಹೇಳಿಲ್ಲ. ಬೈಯೋದಿದ್ರ ನನಗ ಬೈರಿ. ಬಳ್ಳಾರಿ ಡಾಕ್ಟರು ಹೇಳ್ಯಾರ, ಒರಗಿದ ನಿಮಿಷದಾಗೇ ಜೀವ ಹೋಗಿತ್ತು, ಯಾರು ಓಡಿ ಬಂದಿದ್ರೂ ಉಳಿತಿರಲಿಲ್ಲ ಅಂತ.

ನಾನು ಮೈಕ್ ಹಿಡಿಯೋ ಮುಂಚೆ ನೀಲಾವತಿ ಅಮ್ಮಾರು ಒಂದು ಮಾತು ಕೇಳಿದ್ರು: "ಚಪ್ಪಾಳಿ ಹೊಡದ ಹುಡುಗಿ ಬಂದಾಳೇನ್ರಿ? ಹೋಗೋವಾಗ ಅವರ ಕಿವಿಗೆ ಬಿದ್ದಿದ್ದು ಮಕ್ಕಳ ನಗಿ. ಅಳೋದು ಅವರು ಕೇಳಲಿಲ್ಲ. ಆಕಿನ್ನ ನನ್ನ ಬಾಜುಕ ನಿಲ್ಲಸ್ರಿ."

ಭಾಗ್ಯ, ಬಾ ತಾಯಿ. ಹೆದರಬ್ಯಾಡ. ಆಕಿಗೆ ದಾರಿ ಬಿಡ್ರಪ್ಪ... ಹಾಂ, ಅಮ್ಮಾರ ಕೈ ಹಿಡ್ಕೋ.

ಈಗ ಎಲ್ಲಾರೂ ದಯಮಾಡಿ ಎದ್ದು ನಿಲ್ರಿ. ಮೇಷ್ಟ್ರ ಸಲುವಾಗಿ ಎರಡು ನಿಮಿಷ ಮೌನ. ಈ ಹುಡುಗಿ ಸಲುವಾಗಿ — ಇನ್ನು ಮುಂದೆ ಕಾಯಂ.