ಒಂದೇ ತಟ್ಟೆಯ ಮೀನು

ಕೊಲ್ಲಿ ದೇಶದ ಮತ್ರಾ ಬಂದರಿಗೆ ಮುಖ ಮಾಡಿದ ಫಿಲಿಪಿನೋ ಹೋಟೆಲಿನಲ್ಲಿ ಗಂಡನ ದಾರಿ ಕಾಯುತ್ತಿದ್ದ ರೋಸ್‌ಳ ಕಿವಿಗೆ ಪಕ್ಕದ ಮೇಜಿನಿಂದ ಊರ ಕನ್ನಡ ಬಿತ್ತು. ಅಲ್ಲಿ ಮೇಜಿಗೊಂದೇ ದೊಡ್ಡ ತಟ್ಟೆ, ಎಲ್ಲರೂ ಅದರಿಂದಲೇ ತೆಗೆದುಕೊಂಡು ಉಣ್ಣಬೇಕು. ಟೈ ಕಟ್ಟಿದ ಮ್ಯಾನೇಜರ್ ಸಂಕಪ್ಪನಿಗೂ ಲೇಬರ್ ಕ್ಯಾಂಪಿನ ಕೊಗ್ಗನಿಗೂ ನಡುವೆ ಇಡೀ ಮೀನೊಂದು ಮಲಗಿತ್ತು.

“ತಿನ್ನು ಮಾರಾಯ. ಊರಲ್ಲಾದ್ರೆ ನನ್ನೆದುರು ಕೂತ್ಕೊಳ್ತಿದ್ಯಾ?”

“ಇಲ್ಲ ಧಣಿ.”

“ಇಲ್ಲಿ ಜಾತಿಗೀತಿ ಎಂತದೂ ಇಲ್ಲ. ನೀನು ನಮ್ಮವ. ಹೇಳು, ಕ್ಯಾಂಪಲ್ಲಿ ಕೆಲಸ ನಿಲ್ಲಿಸಿದ್ದು ಯಾರ ಮಾತಿಗೆ?”

“ಕುಡಿಯುವ ನೀರಲ್ಲಿ ಹುಳ ಇತ್ತು.”

“ನಾನು ಕೇಳಿದ್ದು ಹೆಸರು! ಹೇಳದಿದ್ರೆ ವೀಸಾ ಕೊಟ್ಟ ಕಫೀಲ್ ನಾಳೆಯೇ ನಿನ್ನನ್ನು ವಿಮಾನ ಹತ್ತಿಸ್ತಾನೆ. ಖಲಾಸ್.”

ಕೊಗ್ಗ ಕೈಯಿಂದಲೇ ಮೀನು ಮುರಿದು ತಾನೊಂದು ತುಂಡು ತಿಂದ. ಇನ್ನೊಂದನ್ನು ಸಂಕಪ್ಪನ ಮುಂದಿಟ್ಟ.

“ಇದನ್ನು ತಿನ್ನಿ. ಹೆಸರು ಹೇಳ್ತೇನೆ.”

ಸಂಕಪ್ಪ ತುಂಡನ್ನೇ ನೋಡಿದ. ರೋಸ್ ಆ ಮೇಜಿನತ್ತಲೇ ತಿರುಗಿ ಕೂತಳು.

“ನನಗೆ ಹೊಟ್ಟೆ ತುಂಬಿದೆ.”

“ನೀವಿನ್ನೂ ಕೈಯೇ ಹಾಕ್ಲಿಲ್ಲವಲ್ಲ ಧಣಿ!”

ಸಂಕಪ್ಪ ಕುರ್ಚಿ ದೂಡಿ ಎದ್ದ. “ಹೋಗು, ಪೆಟ್ಟಿಗೆ ಕಟ್ಟು.”

“ಕಟ್ಟಿಟ್ಟೇ ಬಂದಿದ್ದೇನೆ,” ಎಂದ ಕೊಗ್ಗ, ಅವನಿಗಿಂತ ಮೊದಲೇ ಬಾಗಿಲು ದಾಟಿದ.