ಮೊಹರು ಬಿದ್ದ ಪಾಠ

ಬಿಷ್ಕೆಕ್‌ನ ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಮಗಳ ಅರ್ಜಿಗೆ ಮೊಹರು ಹಾಕಿಸಲು ಬೆಳಗಿನಿಂದ ಸರದಿಯಲ್ಲಿ ನಿಂತಿದ್ದ ತುರ್ಸುನಾಯ್‌ಗೆ ತನ್ನ ಮುಂದೆ ನಿಂತಿದ್ದ ಹುಡುಗಿಯ ಮಾತು ಕಿವಿಗೆ ಬಿತ್ತು. ಬಿಳಿ ಕೋಲು ಹಿಡಿದ, ಕಣ್ಣು ಕಾಣದ ಆ ಹುಡುಗಿ ಕಿಟಕಿಯಾಚೆಯ ಗುಮಾಸ್ತೆ ಸಾಲ್ಕಿನ್‌ಳತ್ತ ಫೋನು ಚಾಚಿದ್ದಳು.

“ಅಕ್ಕ, ನೀವು ಕಳಿಸಿದ ಪಾಠಾನ ಫೋನು ನಂಗೆ ಓದಿ ಹೇಳ್ತಾನೇ ಇಲ್ಲ. ಪ್ರತಿ ಪುಟಕ್ಕೂ ‘ಖಾಲಿ’ ಅನ್ನುತ್ತೆ.”

“ಆ ಫೋನಿಗೇನು ಬಂತು ರೋಗ? ಎಂಬತ್ತು ಪುಟಕ್ಕೂ ನಾನೇ ಸೀಲು ಒತ್ತಿ ಸ್ಕ್ಯಾನ್ ಮಾಡಿದೀನಿ, ಬೆಗಿಮಾಯ್.”

“ಅದಕ್ಕೇ ಎಲ್ಲ ಬರೀ ಚಿತ್ರ ಆಗೋಗಿದೆ, ಚಿತ್ರದಲ್ಲಿರೋ ಅಕ್ಷರ ಫೋನಿಗೆ ಓದಕ್ಕಾಗಲ್ಲ. ಸೀಲಿಗೆ ಮುಂಚಿನ ಟೈಪ್ ಮಾಡಿದ ಪ್ರತೀನೇ ಕೊಡಿ ಅಕ್ಕ, ನಾಳೆ ಪರೀಕ್ಷೆ.”

“ಸೀಲಿಲ್ದೆ ಕೊಟ್ರೆ ನನ್ನ ಕೆಲಸ ಹೋಗುತ್ತೆ. ಡೀನ್ ಒಪ್ಪಿಗೆ ಬೇಕು.”

“ಹೋದ ತಿಂಗಳೇ ಅರ್ಜಿ ಕೊಟ್ಟಿದ್ದೆನಲ್ಲ?”

“ಒಪ್ಪಿಗೆ ಬಂದು ವಾರ ಆಯ್ತಲ್ಲೇ! ಮೂರು ದಿನದೊಳಗೆ ಬಂದು ಪ್ರತಿ ತಗೋ ಅಂತ ನಿನ್ನ ಫೋನಿಗೇ ಪತ್ರ ಕಳಿಸಿದ್ದೆ. ಈಗ ಅವಧಿ ಮುಗೀತು.”

“ಆ ಪತ್ರಕ್ಕೂ ಸೀಲು ಒತ್ತಿದ್ರಾ?”

“ಒತ್ತದೆ ಬಿಡ್ತೀನಾ?”

ಬೆಗಿಮಾಯ್ ಫೋನನ್ನು ಜೇಬಿಗಿಳಿಸಿ, ಗೋಡೆಯುದ್ದಕ್ಕೂ ಕೋಲು ತಟ್ಟುತ್ತ ಹೊರಟುಹೋದಳು.

“ಯಾರು ಮುಂದೆ?”

ಮೊಹರಿಗಾಗಿ ಮಗಳ ಅರ್ಜಿಯನ್ನು ಕಿಟಕಿಯೊಳಗೆ ಚಾಚಲು ತುರ್ಸುನಾಯ್‌ಗೆ ಕೈ ಬರಲಿಲ್ಲ.